ಈಜುಕೊಳದ ಗಿಲಾವಿನ ಮೇಲೆ ಕಲೆ: ಆಸಿಡ್ ಸುರಿಯುವ ಮೊದಲು

ತೋಟದ ಮನೆ, ರೆಸಾರ್ಟ್, ಶಾಲೆಗಳ ಈಜುಕೊಳಗಳ ಬಗ್ಗೆ ಬಂದ ಪತ್ರಗಳಲ್ಲಿ ಈ ಸಲ ಗೋಡೆ, ತಳದ ಕಲೆಗಳದೇ ದೊಡ್ಡ ಪಾಲು. ಇಲ್ಲಿನ ಉತ್ತರಗಳು ಬಿಳಿ ಸಿಮೆಂಟು ಮತ್ತು ಮಾರ್ಬಲ್ ಪುಡಿಯ ಗಿಲಾವು ಇರುವ ಕೊಳಗಳಿಗೆ. ಟೈಲ್ಸ್ ಕೊಳದವರಿಗೆ ಸಂದುಗಳ ಮಟ್ಟಿಗೆ ಉಪಯೋಗವಾದೀತು.

ಪ್ರಶ್ನೆ: ಸರ್, ನಮ್ಮ ತೋಟದ ಮನ್ಯಾಗ 10 ಮೀಟರ್ ಉದ್ದ, 5 ಮೀಟರ್ ಅಗಲದ ಪೂಲ್ ಐತ್ರಿ. ಆಳ 1.2ರಿಂದ 1.6 ಮೀಟರ್. ಗಿಲಾವು ಮಾಡಿಸಿ ಎರಡು ವರ್ಷ ಆತು, ತುಂಬಿಸೂದು ಬೋರಿನ ನೀರು. ಈಗ ತಳಕ್ಕೆಲ್ಲಾ ಚಹಾದ ಬಣ್ಣದ ಕಲೆ ಬಿದ್ದಾವ. ನೀರು ಟೆಸ್ಟ್ ಮಾಡಿಸಿದ್ರ ಕಬ್ಬಿಣ ಇಲ್ಲ ಅಂತ ಬಂತು. ಗೌಂಡಿ ಆಸಿಡ್ ಹಾಕಿ ತೊಳ್ಯೂಣು ಅಂತಾನ. ಏನ್ ಮಾಡೂಣ್ರಿ?
— ಇಂಡಿ ತಾಲ್ಲೂಕಿನ ಓದುಗರು

ಉತ್ತರ: ಗೌಂಡಿಗೆ ಸದ್ಯಕ್ಕೆ ಬೇಡವೆನ್ನಿ. ಆಸಿಡ್ ಗಿಲಾವಿನ ಮಾರ್ಬಲ್ ಪುಡಿಯನ್ನೇ ತಿನ್ನುತ್ತದೆ. ಕಲೆ ಕೂತ ಪದರವೇ ಹೋಗುವುದರಿಂದ ಕಲೆಯೂ ಹೋದಂತೆ ಕಾಣುತ್ತದೆ, ಅಷ್ಟೇ. ಕೆಳಗೆ ಉಳಿಯುವ ಮೈ ಒರಟು. ಒರಟು ಮೈಗೆ ಮುಂದಿನ ಕಲೆ ಇನ್ನೂ ಬೇಗ ಹತ್ತುತ್ತದೆ.

ಟೆಸ್ಟಿನಲ್ಲಿ ಕಬ್ಬಿಣ ಬಾರದಿರುವುದಕ್ಕೆ ಕಾರಣವಿದೆ. ಬೋರಿನಿಂದ ಮೇಲೆ ಬರುವಾಗ ಕಬ್ಬಿಣ ನೀರಿನಲ್ಲಿ ಕರಗಿರುತ್ತದೆ, ನೀರು ತಿಳಿಯಾಗಿ ಕಾಣುತ್ತದೆ. ಗಾಳಿ, ಕ್ಲೋರಿನ್ ತಾಗಿದ ಮೇಲೆ ಅದು ಜಂಗಾಗಿ ಗಿಲಾವಿಗೆ ಅಂಟುತ್ತದೆ. ಆಮೇಲೆ ಕೊಳದ ನೀರನ್ನು ಪರೀಕ್ಷೆಗೆ ಕೊಟ್ಟರೆ ಸೊನ್ನೆ ಬರಲೇಬೇಕು, ಕಬ್ಬಿಣ ಗೋಡೆ ಸೇರಿಯಾಗಿದೆ. ಬೋರನ್ನು ಹತ್ತು ನಿಮಿಷ ಓಡಿಸಿ, ಪೈಪಿನ ಬಾಯಿಂದಲೇ ಬಾಟಲಿಯನ್ನು ಕಂಠಮಟ್ಟ ತುಂಬಿ, ಮುಚ್ಚಳ ಬಿಗಿದು ಅದೇ ದಿನ ಲ್ಯಾಬಿಗೆ ಕೊಡಿ. ಕಬ್ಬಿಣ 0.3 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ) ದಾಟಿದ್ದರೆ ಆ ನೀರು ಕಲೆ ಮಾಡುವ ನೀರು.

ಅದಕ್ಕೂ ಮೊದಲು ಕಲೆ ಯಾವುದೆಂದು ಖಚಿತವಾಗಲಿ. ಮೆಡಿಕಲ್ ಅಂಗಡಿಯಿಂದ 500 ಮಿಲಿಗ್ರಾಂನ ವಿಟಮಿನ್ ಸಿ ಮಾತ್ರೆ ಐದಾರು ತಂದು ಕುಟ್ಟಿ ಹಳೆಯ ಕಾಲುಚೀಲದಲ್ಲಿ ಕಟ್ಟಿ. ಪಂಪ್ ನಿಲ್ಲಿಸಿ, ನೀರಿನೊಳಗೆ ಕಲೆಯ ಮೇಲೆ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಚೀಲ ತೆಗೆದಾಗ ಅದರ ಆಕಾರದಲ್ಲೇ ಬಿಳಿ ಗುರುತು ಮೂಡಿದ್ದರೆ ಅದು ಕಬ್ಬಿಣ. ಏನೂ ಆಗದಿದ್ದರೆ ಇನ್ನೊಂದು ಕಡೆ ಕ್ಲೋರಿನ್ ಮಾತ್ರೆಯನ್ನು ಅರ್ಧ ನಿಮಿಷ ಹಿಡಿದು ನೋಡಿ. ಅದಕ್ಕೆ ಬಿಳುಪಾದರೆ ಎಲೆ ಅಥವಾ ಪಾಚಿಯ ಕಲೆ. ಮಾತ್ರೆಯನ್ನು ಅಲ್ಲೇ ಬಿಟ್ಟು ಬರಬೇಡಿ, ಅದು ಆಮ್ಲೀಯ, ಗಿಲಾವಿನಲ್ಲಿ ಗುಂಡಗೆ ಗುಳಿ ಮಾಡುತ್ತದೆ. ನೀಲಿ-ಹಸಿರು ಅಥವಾ ಬೂದು-ಕಪ್ಪು ಕಲೆ ನಿಂಬೆ ಉಪ್ಪಿಗೆ (ಸಿಟ್ರಿಕ್ ಆಸಿಡ್) ಬಗ್ಗಿದರೆ ತಾಮ್ರ. ನೇರಳೆ ಛಾಯೆಯ ಕಡುಕಪ್ಪು ಇದ್ದರೆ ಮ್ಯಾಂಗನೀಸ್ ಅನ್ನು ಶಂಕಿಸಬೇಕು. ಮುಟ್ಟಿದರೆ ಗರಗರ ಎನ್ನುವ ಬಿಳಿ-ಬೂದು ಪದರ ನಮ್ಮ ಕಡೆಯ ಗಡಸು ನೀರಿನ ಸುಣ್ಣ. ಕಬ್ಬಿಣ ಅದರೊಳಗೆ ಸಿಕ್ಕಿಕೊಂಡು ಹಳದಿಯಾಗಿ ಕಾಣುವುದೂ ಉಂಟು. ಆಗ ವಿಟಮಿನ್ ಸಿ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ.

ಕಬ್ಬಿಣವೆಂದೇ ತಿಳಿದರೆ ಚಿಕಿತ್ಸೆ ಹೀಗೆ. ನಿಮ್ಮ ಕೊಳದ ಸರಾಸರಿ ಆಳ 1.4 ಮೀಟರ್ ಹಿಡಿದರೆ ನೀರು 70,000 ಲೀಟರ್. ಕ್ಲೋರಿನ್ ಹಾಕುವುದನ್ನು ಪೂರ್ತಿ ನಿಲ್ಲಿಸಿ, ಸೊನ್ನೆಗೆ ಇಳಿಯಲು ಬಿಡಿ. ಈ ಹೆಜ್ಜೆಯನ್ನೇ ಬಹಳ ಮಂದಿ ಹಾರಿಸುತ್ತಾರೆ. 1 ಪಿಪಿಎಂ ಕ್ಲೋರಿನ್ ಸುಮಾರು 2.5 ಪಿಪಿಎಂ ವಿಟಮಿನ್ ಸಿಯನ್ನು ನುಂಗುತ್ತದೆ. ಅಂದರೆ ನಿಮ್ಮ ಕೊಳದಲ್ಲಿ 1 ಪಿಪಿಎಂ ಉಳಿದಿದ್ದರೂ 175 ಗ್ರಾಂ ಪುಡಿ ಕಲೆಗೆ ತಾಗದೇ ವ್ಯರ್ಥ. ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, 7.2ರ ಆಸುಪಾಸಿಗೆ ತನ್ನಿ. ಕ್ಲೋರಿನ್ ಇಲ್ಲದ ದಿನಗಳಲ್ಲಿ ನೀರು ಹಸಿರಾಗದಂತೆ ತಾಮ್ರವಿಲ್ಲದ ಪಾಚಿನಾಶಕ ಹಾಕಿರಿ, ಪಾಲಿಕ್ವಾಟ್ 60 ಎಂದು ಲೇಬಲ್ ಮೇಲಿರುತ್ತದೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ನವೆಂಬರಿನಿಂದ ಜನವರಿವರೆಗಿನ ತಣ್ಣನೆಯ ನೀರಿನಲ್ಲಿ ಪಾಚಿಯ ಕಾಟ ಕಡಿಮೆ.

ಪುಡಿಯನ್ನು ಮೆಡಿಕಲ್ ಅಂಗಡಿಯಲ್ಲಲ್ಲ, ಕೆಮಿಕಲ್ ಅಂಗಡಿಯಲ್ಲಿ ಆಸ್ಕಾರ್ಬಿಕ್ ಆಸಿಡ್ ಎಂದು ಕೇಳಿ ಕೆಜಿ ಲೆಕ್ಕದಲ್ಲಿ ತನ್ನಿ. 1,000 ಲೀಟರಿಗೆ 12 ಗ್ರಾಂ ಪೂರ್ತಿ ಡೋಸ್, ನಿಮಗೆ 840 ಗ್ರಾಂ. ಮೊದಲು ಅರ್ಧ ಹಾಕಿ. ಪಂಪ್ ಓಡುತ್ತಿರಲಿ, ಕಲೆ ದಟ್ಟವಾಗಿರುವ ಕಡೆ ಜಾಸ್ತಿ ಬೀಳುವಂತೆ ಅಂಚಿನಗುಂಟ ಚೆಲ್ಲುತ್ತಾ ಹೋಗಿ, ನೈಲಾನ್ ಬ್ರಷ್‌ನಿಂದ ಉಜ್ಜಿ. ತೆಳು ಕಲೆ ಒಂದು ತಾಸಿನೊಳಗೇ ಮಾಯವಾಗುತ್ತದೆ. ಮರುದಿನಕ್ಕೂ ಉಳಿದಿದ್ದರೆ ಇನ್ನರ್ಧ ಹಾಕಿ. ನೀರು ತುಸು ಹಳದಿಗೆ ತಿರುಗಿದರೆ ಹೆದರಬೇಡಿ, ಗೋಡೆ ಬಿಟ್ಟ ಕಬ್ಬಿಣ ಈಗ ನೀರಿನಲ್ಲಿದೆ.

ಆ ಕಬ್ಬಿಣ ಮತ್ತೆ ಕೂರದಂತೆ, ಕಲೆ ಹೋದ ದಿನವೇ ಲೋಹವನ್ನು ಕಟ್ಟಿಹಿಡಿಯುವ ದ್ರಾವಣ ಹಾಕಬೇಕು. ಪೂಲ್ ಸಾಮಾನಿನ ಅಂಗಡಿಯಲ್ಲಿ ಸೀಕ್ವೆಸ್ಟ್ರೆಂಟ್ ಎನ್ನುತ್ತಾರೆ. ಎಚ್‌ಇಡಿಪಿ ಎಂಬ ರಾಸಾಯನಿಕ ಇರುವುದು ಒಳ್ಳೆಯದು. ಈಜುಕೊಳಕ್ಕೆಂದೇ ತಯಾರಿಸಿದ ದ್ರಾವಣವಾದರೆ ಸಾಮಾನ್ಯವಾಗಿ 40,000 ಲೀಟರಿಗೆ 1 ಲೀಟರ್, ನಿಮಗೆ ಪೌಣೆ ಎರಡು ಲೀಟರ್. ಲೇಬಲ್ ಬೇರೆ ಹೇಳಿದರೆ ಲೇಬಲ್ಲೇ ಸರಿ. ಬಾಯ್ಲರಿಗೆಂದು ಮಾರುವ 60 ಪ್ರತಿಶತದ ಎಚ್‌ಇಡಿಪಿ ಬಹಳ ಗಟ್ಟಿ ಮತ್ತು ಆಮ್ಲೀಯ, ಅದಕ್ಕೆ ಈ ಅಳತೆ ಹೊಂದದು.

ಎರಡು ದಿನ ಬಿಟ್ಟು ಕ್ಲೋರಿನ್ ಶುರು ಮಾಡಿ, ಸಂಜೆ ಹೊತ್ತು, ಸ್ವಲ್ಪ ಸ್ವಲ್ಪವೇ. ಮೊದಲ ದಿನಗಳಲ್ಲಿ ಎಷ್ಟು ಹಾಕಿದರೂ ಕ್ಲೋರಿನ್ ಪರೀಕ್ಷೆಯ ಕಿಟ್‌ನಲ್ಲಿ ಬಣ್ಣ ಬಾರದು. 840 ಗ್ರಾಂ ಪುಡಿ ಪೂರ್ತಿ ತೀರಬೇಕಾದರೆ 10 ಪ್ರತಿಶತದ ಹೈಪೋ (ದ್ರವ ಕ್ಲೋರಿನ್, ಸೋಡಿಯಂ ಹೈಪೋಕ್ಲೋರೈಟ್) ಮೂರೂವರೆ ಲೀಟರಿನಷ್ಟು ಬೇಕು. ಬೇಸತ್ತು ಒಮ್ಮೆಲೇ ಕ್ಯಾನ್ ಬಗ್ಗಿಸಿದರೆ ಕಲೆ ರಾತ್ರೋರಾತ್ರಿ ವಾಪಸ್. ಪಿಎಚ್ ಏರಿಸಲು ವಾಷಿಂಗ್ ಸೋಡಾ ಸುರಿದರೂ ಅದೇ ಕಥೆ. ಸಿಮೆಂಟಿನ ಕೊಳದ ಪಿಎಚ್ ತಾನಾಗಿ ಮೇಲೇರುತ್ತದೆ, ಕಾಯಿರಿ. ಕ್ಲೋರಿನ್ 1 ಪಿಪಿಎಂ ನಿಲ್ಲುವವರೆಗೆ ಮಕ್ಕಳನ್ನು ಇಳಿಸಬೇಡಿ.

ಪ್ರಶ್ನೆ: ವಿಟಮಿನ್ ಸಿ ಹಾಕಿ ಕಲೆ ತೆಗೆದೆವು, ಕೊಳ ಹೊಸದರಂತಾಯಿತು. ಹದಿನೈದು ದಿನಕ್ಕೆ ಶಾಕ್ ಕ್ಲೋರಿನ್ (ಒಮ್ಮೆಲೇ ದೊಡ್ಡ ಡೋಸ್) ಕೊಟ್ಟ ಮರುದಿನವೇ ಎಲ್ಲಾ ವಾಪಸ್ ಬಂತು. ಔಷಧ ಕಳಪೆ ಇತ್ತೇ?
— ಮುಧೋಳ

ಉತ್ತರ: ಔಷಧ ತನ್ನ ಕೆಲಸ ಮಾಡಿದೆ. ಅದು ಕಬ್ಬಿಣವನ್ನು ಗೋಡೆಯಿಂದ ನೀರಿಗೆ ಇಳಿಸಿತು, ಕೊಳದಿಂದ ಹೊರಗೆ ಹಾಕಲಿಲ್ಲ. ಶಾಕ್ ಕೊಟ್ಟಾಗ ಅದೇ ಕಬ್ಬಿಣ ಮತ್ತೆ ಜಂಗಾಯಿತು. ಕಟ್ಟಿಹಿಡಿಯುವ ದ್ರಾವಣವನ್ನು ಬಿಸಿಲು, ಕ್ಲೋರಿನ್ ಎರಡೂ ಒಡೆಯುತ್ತವೆ. ಒಂದು ಸಲ ಹಾಕಿ ಮರೆತರೆ ಅದು ನಿಲ್ಲುವುದಿಲ್ಲ, ಲೇಬಲ್ ಪ್ರಕಾರ ವಾರಕ್ಕೋ ತಿಂಗಳಿಗೋ ಕೊಡುತ್ತಲೇ ಇರಬೇಕು. ಶಾಕ್ ಕೊಡಲೇಬೇಕಾದರೆ ಹಿಂದಿನ ದಿನ ಒಂದು ಡೋಸ್ ಹಾಕಿರಿ.

ಇನ್ನೊಂದು ಕಾರಣ ನಮ್ಮ ಬಿಸಿಲು. ಆವಿಯಾಗುವುದು ನೀರು ಮಾತ್ರ, ಅದರಲ್ಲಿದ್ದ ಕಬ್ಬಿಣ, ಸುಣ್ಣ ಕೊಳದಲ್ಲೇ ಉಳಿಯುತ್ತವೆ. 50 ಚದರ ಮೀಟರ್ ಕೊಳದಿಂದ ಬೇಸಿಗೆಯಲ್ಲಿ ದಿನಕ್ಕೆ 7 ಮಿಲಿಮೀಟರ್ ಹೋಗುತ್ತದೆಂದು ಹಿಡಿದರೂ 350 ಲೀಟರ್ ಹೊಸ ನೀರು ಬಿಡಬೇಕು. ಬೋರಿನಲ್ಲಿ 1 ಪಿಪಿಎಂ ಕಬ್ಬಿಣವಿದ್ದರೆ 100 ದಿನಕ್ಕೆ 35 ಗ್ರಾಂ ಕಬ್ಬಿಣ ಒಳಗೆ ಬಂತು. 70,000 ಲೀಟರ್ ಕೊಳಕ್ಕೆ ಇದು ಅರ್ಧ ಪಿಪಿಎಂ. ಹೀಗಾಗಿ ಟಾಪ್‌ಅಪ್ ನೀರನ್ನು ಸರಿಮಾಡದೆ ಕೊಳಕ್ಕೆ ಎಷ್ಟು ಖರ್ಚು ಮಾಡಿದರೂ ದಂಡ.

ಬೋರಿನ ನೀರು ಹೇಗಿದೆ ಎಂದು ನೋಡಲು 20 ಲೀಟರಿನ ಬಿಳಿ ಬಕೆಟ್ ಸಾಕು. ತುಂಬಿ, ಒಂದು ಚಹಾ ಚಮಚ ಹೈಪೋ ಹಾಕಿ ಕಲಕಿ, ಮುಚ್ಚಿಡಿ. ಬ್ಲೀಚಿಂಗ್ ಪೌಡರ್ ಬೇಡ, ಅದರ ಸುಣ್ಣವೇ ಕೆಳಗೆ ಕೂತು ಗೊಂದಲ ಮಾಡುತ್ತದೆ. ಸ್ವಲ್ಪ ಹೊತ್ತಿಗೆ ನೀರು ಹಳದಿಯಾಗಿ, ಬೆಳಿಗ್ಗೆ ತಳದಲ್ಲಿ ಕಂದು ಗಸಿ ನಿಂತಿದ್ದರೆ ಕಬ್ಬಿಣ. ಗಸಿ ಕಪ್ಪಗಿದ್ದರೆ ಮ್ಯಾಂಗನೀಸ್, ಅದು ನಿಧಾನ, ಎರಡು ದಿನ ಬಿಟ್ಟು ನೋಡಬೇಕು.

ಇದನ್ನೇ ದೊಡ್ಡದಾಗಿ ಮಾಡಿದರೆ ಪರಿಹಾರ. 5,000 ಲೀಟರಿನ ಟ್ಯಾಂಕಿಗೆ ಬೋರಿನ ನೀರನ್ನು ಎತ್ತರದಿಂದ ಚಿಮ್ಮುವಂತೆ ಬಿಡಿ, 10 ಪ್ರತಿಶತದ ಹೈಪೋ 250 ಮಿಲಿ, ನೀರಿನಲ್ಲಿ ಕರಗಿಸಿದ ಪಟಕ (ಆಲಂ) 150 ಗ್ರಾಂ ಹಾಕಿ ಒಂದು ರಾತ್ರಿ ಬಿಡಿ. ಮರುದಿನ ತಳದಿಂದ ಒಂದು ಗೇಣು ಮೇಲಿನ ನಲ್ಲಿಯಿಂದ ಮಾತ್ರ ಕೊಳಕ್ಕೆ ಬಿಡಿ. ಗಸಿಯನ್ನು ವಾರಕ್ಕೊಮ್ಮೆ ಹೊರಚೆಲ್ಲಿ. ಮಳೆಗಾಲದಲ್ಲಿ ಚಾವಣಿಯ ನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ, ಗಡಸುತನವೂ ಇಳಿಯುತ್ತದೆ. ಮೊದಲ ಮಳೆಯ ಧೂಳಿನ ನೀರನ್ನು ಮಾತ್ರ ಹೊರಗೆ ಬಿಡಿ.

ಪ್ರಶ್ನೆ: ಪಾಚಿ ಜಾಸ್ತಿ ಆಗಿತ್ತೆಂದು ದ್ರಾಕ್ಷಿಗೆ ತಂದಿದ್ದ ಮೈಲುತುತ್ತವನ್ನು ಅರ್ಧ ಕೆಜಿ ಕೊಳಕ್ಕೆ ಹಾಕಿದೆವು. ನೀರು 80,000 ಲೀಟರ್. ಪಾಚಿ ಸತ್ತಿತು. ಆದರೆ ಬ್ಲೀಚಿಂಗ್ ಪೌಡರ್ ಹಾಕಿದ ಮೇಲೆ ಗೋಡೆಯೆಲ್ಲ ನೀಲಿ-ಹಸಿರು, ಮೂಲೆಗಳಲ್ಲಿ ಕಪ್ಪು. ವಿಟಮಿನ್ ಸಿಗೆ ಜಗ್ಗುತ್ತಿಲ್ಲ.
— ತಿಕೋಟಾ

ಉತ್ತರ: ದ್ರಾಕ್ಷಿ ಬೆಳೆಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಬೋರ್ಡೋ ಮಿಶ್ರಣ ಮಾಡಿದಾಗ ನೀಲಿ ಗಸಿ ಹುಟ್ಟಿ ಎಲೆಗೆ ಅಂಟಿಕೊಳ್ಳುತ್ತದಲ್ಲ, ಬ್ಲೀಚಿಂಗ್ ಪೌಡರಿನಲ್ಲೂ ಸುಣ್ಣವಿದೆ. ಕೊಳದಲ್ಲಿ ನೀವು ತೆಳುವಾದ ಬೋರ್ಡೋ ಮಾಡಿದಿರಿ, ಅದು ಗಿಲಾವಿಗೆ ಅಂಟಿತು. ಮೂಲೆಯ ಕಪ್ಪು ತಾಮ್ರದ ಆಕ್ಸೈಡ್.

ಲೆಕ್ಕ ನೋಡಿ: ಮೈಲುತುತ್ತದ ತೂಕದಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು ತಾಮ್ರ. ಅರ್ಧ ಕೆಜಿಗೆ 127 ಗ್ರಾಂ, 80,000 ಲೀಟರಿನಲ್ಲಿ 1.6 ಪಿಪಿಎಂ. ಕೊಳದಲ್ಲಿ 0.2 ದಾಟಬಾರದು.

ಒಂದು ಮುಷ್ಟಿ ನಿಂಬೆ ಉಪ್ಪು ಕಾಲುಚೀಲದಲ್ಲಿ ಕಟ್ಟಿ ಕಲೆಯ ಮೇಲಿಟ್ಟು ನೋಡಿ. ಬಿಡುವುದಾದರೆ, ಕ್ಲೋರಿನ್ ಸೊನ್ನೆಗೆ ಇಳಿಸಿ, ಪಿಎಚ್ 7.0ಕ್ಕೆ ತಂದು, ಎಚ್‌ಇಡಿಪಿ ದ್ರಾವಣವನ್ನು ಲೇಬಲ್ ಹೇಳಿದ್ದರ ಇಮ್ಮಡಿ ಹಾಕಿ ದಿನಕ್ಕೆರಡು ಸಲ ಬ್ರಷ್ ಮಾಡಿ. ಕಬ್ಬಿಣದಂತೆ ತಾಸಿನಲ್ಲಿ ಹೋಗದು, ಒಂದು ವಾರ ಹಿಡಿದೀತು. ಕಪ್ಪು ಮೂಲೆಗಳಿಗೆ ನಿಂಬೆ ಉಪ್ಪಿನ ಚೀಲವನ್ನೇ ಸರಿಸುತ್ತಾ ಹೋಗಬೇಕು, ಒಂದೇ ಕಡೆ ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ಇಡಬೇಡಿ. ಪಿಎಚ್ ಅನ್ನು 5ಕ್ಕೆ ಇಳಿಸಿದರೆ ಒಂದೇ ದಿನದಲ್ಲಿ ಮುಗಿಯುತ್ತದೆಂದು ಸಲಹೆ ಕೊಡುವವರಿದ್ದಾರೆ. ಫೈಬರ್ ಕೊಳಕ್ಕೆ ಏನಾದರೂ ಮಾಡಿಕೊಳ್ಳಲಿ, ಗಿಲಾವಿಗೆ ಅದು ನಿಧಾನವಾದ ಆಸಿಡ್ ವಾಶ್.

ತಾಮ್ರ ನೀರಿಗೆ ಇಳಿದ ಮೇಲೆ ಅರ್ಧ ನೀರು ಬದಲಿಸುವುದೇ ಸರಿಯಾದ ದಾರಿ. ಆ ನೀರನ್ನು ದ್ರಾಕ್ಷಿಗೆ ಬಿಡಬೇಡಿ. ನೀರಾವರಿ ನೀರಿನಲ್ಲಿ ತಾಮ್ರ 0.2 ಪಿಪಿಎಂ ಒಳಗಿರಬೇಕೆಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಶಿಫಾರಸು. ನಿಮ್ಮ ದ್ರಾಕ್ಷಿ ಪಡಗಳಲ್ಲಿ ಸಿಂಪಡಣೆಯ ತಾಮ್ರ ಮೊದಲೇ ಕೂಡಿರುತ್ತದೆ. ಮೀನು ಬಿಟ್ಟ ಕೃಷಿ ಹೊಂಡಕ್ಕಂತೂ ಹನಿಯೂ ಹೋಗಬಾರದು.

ಪ್ರಶ್ನೆ: ಕೊಳದ ಪಕ್ಕ ಬಾದಾಮಿ ಗಿಡ ಇದೆ. ತಳದಲ್ಲಿ ಎಲೆಯ ಆಕಾರದಲ್ಲೇ ಕಂದು ಅಚ್ಚು ಬಿದ್ದಿದೆ. ಇದೂ ಲೋಹವೇ?
— ಬಾಗಲಕೋಟೆ

ಉತ್ತರ: ಅಲ್ಲ, ಎಲೆಯ ಒಗರು. ಕ್ಲೋರಿನ್ 5 ಪಿಪಿಎಂಗೆ ಏರಿಸಿ ಬ್ರಷ್ ಮಾಡಿದರೆ ಕೆಲವೇ ದಿನಕ್ಕೆ ಹೋಗುತ್ತದೆ. ಸಂಜೆ ಜಾಲರಿಯಿಂದ ಎಲೆ ತೆಗೆಯುವುದು ತಪ್ಪದಿರಲಿ.

ಪ್ರಶ್ನೆ: ಗೋಡೆಯಲ್ಲಿ ಒಂದೇ ಜಾಗದಲ್ಲಿ ರೂಪಾಯಿಯಗಲ ಕೆಂಪು ಕಲೆ. ತೆಗೆದರೆ ತಿಂಗಳಲ್ಲಿ ಮತ್ತೆ ಅಲ್ಲೇ. ಸುತ್ತ ಗಿಲಾವು ಸ್ವಲ್ಪ ಉಬ್ಬಿದಂತಿದೆ.
— ಖಾನಾಪುರ

ಉತ್ತರ: ಖಾನಾಪುರದ ಕಡೆ ಕೆಂಪು ಜಂಬಿಟ್ಟಿಗೆ ನೆಲ, ಅದರಲ್ಲಿ ಕಬ್ಬಿಣ ಹೇರಳ. ಆದರೆ ನೀರಿನ ಕಬ್ಬಿಣ ಕಲೆ ಮಾಡಿದರೆ ಎಲ್ಲೆಡೆ ಹರಡುತ್ತದೆ, ಒಂದೇ ಚುಕ್ಕೆಯಲ್ಲಿ ನಿಲ್ಲುವುದಿಲ್ಲ. ಮೊದಲು ಒಂದು ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಕಲೆಯ ಮೇಲೆ ಆಡಿಸಿ. ಮೊಳೆ, ಗ್ರೈಂಡರಿನ ಚೂರು, ತಂತಿ ಬ್ರಷ್‌ನ ಮುರಿದ ಎಳೆ ಮೈಮೇಲೆ ಅಂಟಿದ್ದರೆ ಕಿತ್ತುಕೊಂಡು ಬರುತ್ತದೆ, ಕೆಲಸ ಅಲ್ಲಿಗೇ ಮುಗಿಯಿತು. ಕೊಳಕ್ಕೆ ತಂತಿ ಬ್ರಷ್ ಹಾಕಿ ಉಜ್ಜಿದವರು ತಿಂಗಳಾದ ಮೇಲೆ ನೂರಾರು ಕೆಂಪು ಚುಕ್ಕೆ ಎಣಿಸುತ್ತಾ ಕೂರುತ್ತಾರೆ.

ನಡುವೆ ಕಡು ಚುಕ್ಕೆ, ಸುತ್ತ ಮಸುಕು ಕಂದು, ಮೇಲೆ ಉಬ್ಬು ಇದ್ದರೆ ಒಳಗಿನ ಸರಳಿನ ತುದಿ ಅಥವಾ ಕಟ್ಟುವ ತಂತಿ ಜಂಗು ಹಿಡಿದಿದೆ. ಜಂಗಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಅದು ಗಿಲಾವನ್ನು ಹೊರಗೆ ದಬ್ಬುತ್ತದೆ. ಯಾವ ಪುಡಿಯೂ ಇದಕ್ಕೆ ಔಷಧವಲ್ಲ. ನೀರನ್ನು ಕಲೆಗಿಂತ ಕೆಳಗಿಳಿಸಿ. ಗ್ರೈಂಡರಿನಿಂದ ಸುತ್ತ 6 ಮಿಲಿಮೀಟರ್ ಆಳಕ್ಕೆ ಚೌಕ ಕೊರೆದು, ಸುತ್ತಿಗೆ-ಚಾಣದಿಂದ ಒಳಗೆ ಬಿಡಿಸುತ್ತಾ ಹೋಗಿ. ಅಂಚನ್ನು ತೆಳ್ಳಗೆ ಸವೆಸಿ ಬಿಟ್ಟರೆ ತೇಪೆ ಅಲ್ಲಿಂದಲೇ ಏಳುತ್ತದೆ, ಚೌಕದ ಗೋಡೆ ನೇರ ಇರಲಿ. ಸರಳು ಕಂಡಾಗ ಗಿಲಾವಿನ ಮೈಯಿಂದ ಕನಿಷ್ಠ 30-40 ಮಿಲಿಮೀಟರ್ ಒಳಕ್ಕೆ ಅದನ್ನು ಕತ್ತರಿಸಿ, ಜಂಗು ಕೆರೆದು ಎಪಾಕ್ಸಿ ಬಳಿಯಿರಿ. ನೀರಿನಲ್ಲೂ ಬೇಗ ಗಟ್ಟಿಯಾಗುವ ಹೈಡ್ರಾಲಿಕ್ ಸಿಮೆಂಟನ್ನು 10 ಮಿಲಿಮೀಟರ್ ತಗ್ಗು ಉಳಿಯುವಂತೆ ತುಂಬಿ, ಮೇಲೆ ಬಿಳಿ ಸಿಮೆಂಟು-ಮಾರ್ಬಲ್ ಪುಡಿಯ ಗಿಲಾವು. ಬಣ್ಣ ಹಳೆಯದಕ್ಕೆ ಕೂಡದು, ತೇಪೆ ಕಾಣುತ್ತದೆ. ಇಂಥ ಚುಕ್ಕೆ ಒಂದೇ ಸಾಲಿನಲ್ಲಿ ಹಲವು ಇದ್ದರೆ ಸರಳಿನ ಮೇಲೆ ಕಾಂಕ್ರೀಟು ತೆಳುವಾಗಿದೆ ಎಂದರ್ಥ. ಆಗ ಗೌಂಡಿಗಿಂತ ಮೊದಲು ಎಂಜಿನಿಯರನ್ನು ಕರೆಸಿ.

ಪ್ರಶ್ನೆ: ನಮ್ಮಲ್ಲಿ ಲಿಂಬೆಗೆ ಬರವಿಲ್ಲ. ಪುಡಿಯ ಬದಲು ಲಿಂಬೆ ರಸ ನಡೆಯುತ್ತದೆಯೇ? ಟೈಲ್ಸ್ ತೊಳೆಯುವ ಆಕ್ಸಾಲಿಕ್ ಆಸಿಡ್ ಆದೀತೇ? ಕೊನೆಗೆ ಬಾತ್‌ರೂಮ್ ಆಸಿಡ್?
— ಇಂಡಿಯಿಂದ ಇನ್ನೊಬ್ಬರು

ಉತ್ತರ: ಹೋಳನ್ನು ಕಲೆಗೆ ಒತ್ತಿ ಹಿಡಿದು ಪರೀಕ್ಷೆ ಮಾಡುವಷ್ಟಕ್ಕೆ ಲಿಂಬೆ ಆದೀತು. ಕೊಳಕ್ಕೆ ಹಿಂಡಿದರೆ ಸಕ್ಕರೆ, ತಿರುಳು ಸೇರಿ ಕ್ಲೋರಿನ್ ತಿಂದು ಹಾಕುತ್ತವೆ. ಆಕ್ಸಾಲಿಕ್ ಆಸಿಡ್ ಜಂಗನ್ನು ಚೆನ್ನಾಗಿ ತೆಗೆಯುತ್ತದೆ, ಆದರೆ ಗಿಲಾವಿನ ಸುಣ್ಣದ ಜೊತೆ ಕೂಡಿ ನೀರಿನಲ್ಲಿ ಕರಗದ ಬಿಳಿ ಪದರ ಬಿಡುತ್ತದೆ. ವಿಷವೂ ಹೌದು. ಬೇಡ.

ಬಾತ್‌ರೂಮ್ ಆಸಿಡ್, ಅಂದರೆ ಹೈಡ್ರೋಕ್ಲೋರಿಕ್, ಎಲ್ಲ ದಾರಿ ಮುಚ್ಚಿದ ಮೇಲಿನ ಮಾತು. ಕೊಳ ಪೂರ್ತಿ ಖಾಲಿ ಮಾಡಬೇಕು. ಎರೆ ಮಣ್ಣಿನ ನೆಲದಲ್ಲಿ ಮಳೆಗಾಲದಲ್ಲಿ ಹಾಗೆ ಮಾಡಿದರೆ ಹಿಗ್ಗಿದ ಮಣ್ಣು ಹೊರಗಿನಿಂದ ಒತ್ತಿ ಗೋಡೆ ಬಿರಿಯಬಹುದು. ನಾಲ್ಕು ಭಾಗ ನೀರಿಗೆ ಒಂದು ಭಾಗ ಆಸಿಡ್, ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್‌ಗೆ ನೀರಲ್ಲ. ಗೋಡೆಯನ್ನು ಮೊದಲೇ ತೋಯಿಸಿ, ಅರ್ಧ ನಿಮಿಷ ಬಿಟ್ಟು ತೊಳೆಯಿರಿ. ತಳದಲ್ಲಿ ನಿಂತ ಆಸಿಡ್ ನೀರಿಗೆ ವಾಷಿಂಗ್ ಸೋಡಾ ಹಾಕಿ, ನೊರೆ ನಿಲ್ಲುವವರೆಗೆ. ಬಳಕೆಯಾಗದೆ ಉಳಿದ ಒಂದು ಲೀಟರ್ ಆಸಿಡ್‌ಗೆ ಅರ್ಧ ಕೆಜಿಗೂ ಮಿಕ್ಕಿ ಸೋಡಾ ಬೇಕು. ಕನ್ನಡಕ, ಕೈಗವಸು, ಬೂಟು ಕಡ್ಡಾಯ, ಕೆಳಗಿಳಿದವನ ಮೇಲೆ ಕಣ್ಣಿಡಲು ಒಬ್ಬರು ದಡದಲ್ಲಿರಲಿ. ಬ್ಲೀಚಿಂಗ್ ಪೌಡರ್ ತಗುಲಿದ ಬಕೆಟ್‌ಗೆ ಆಸಿಡ್ ಬಿದ್ದರೆ ವಿಷದ ಕ್ಲೋರಿನ್ ಗಾಳಿ ಏಳುತ್ತದೆ. ಗಾಳಿ ಆಡದ ಕೊಳದ ಗುಂಡಿಯೊಳಗೆ ಅದು ಪ್ರಾಣಕ್ಕೇ ಕುತ್ತು.

ಪ್ರಶ್ನೆ: ಹೊಸ ಗಿಲಾವು ಮಾಡಿ ನೀರು ತುಂಬಿ ಮೂರು ವಾರ. ಅಲ್ಲಲ್ಲಿ ಬೂದು ಮೋಡದಂಥ ಛಾಯೆ. ವಿಟಮಿನ್ ಸಿಗೂ ಕ್ಲೋರಿನ್‌ಗೂ ಬದಲಾಗುತ್ತಿಲ್ಲ.
— ಬೆಳಗಾವಿ

ಉತ್ತರ: ಯಾವುದಕ್ಕೂ ಜಗ್ಗದಿದ್ದರೆ ಬಹುಮಟ್ಟಿಗೆ ಅದು ಗಿಲಾವಿನೊಳಗಿನ ಬಣ್ಣ. ಬೇಗ ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದ್ದರೆ, ಇಲ್ಲವೇ ಅರೆಗಟ್ಟಿಯಾದ ಮೇಲೂ ಉಕ್ಕಿನ ಕರಣೆಯಿಂದ ತಿಕ್ಕಿದ್ದರೆ ಹೀಗಾಗುತ್ತದೆ. 28 ದಿನ ತುಂಬುವವರೆಗೆ ಯಾವ ಆಸಿಡ್ ಚಿಕಿತ್ಸೆಯೂ ಬೇಡ. ದಿನಕ್ಕೆರಡು ಸಲ ನೈಲಾನ್ ಬ್ರಷ್, ಪಿಎಚ್ 7.2ರಿಂದ 7.6, ಇಷ್ಟೇ. ಕೆಲವು ಛಾಯೆ ತಿಂಗಳುಗಳಲ್ಲಿ ತೆಳುವಾಗುತ್ತವೆ, ಕೆಲವು ಹಾಗೇ ಉಳಿಯುತ್ತವೆ. ಗುತ್ತಿಗೆದಾರರಿಗೆ ಬಾಕಿ ಕೊಡುವುದಿದ್ದರೆ ಫೋಟೊ ತೆಗೆದಿಟ್ಟು, ಮಿಶ್ರಣದಲ್ಲಿ ಏನೇನು ಹಾಕಿದ್ದರೆಂದು ಈಗಲೇ ಬರೆಸಿಕೊಳ್ಳಿ.